ಗೋಡೆಯ ನಕ್ಷೆಯಲ್ಲಿ ಅಳೆದ ದಾರಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಹಠಮಾರಿಗೆ,

ಅಮ್ಮನ ಆಶೀರ್ವಾದ, ಜೊತೆಗೆ ಒಂದಿಷ್ಟು ಬೈಗುಳ. ನಾನು ಬರದಿದ್ದರೆ ನಿನ್ನ ಮದುವೆಯ ದಿನ ಮುಂದಿನ ಸಾಲಿನಲ್ಲಿ ಒಂದು ಖಾಲಿ ಕುರ್ಚಿ ಹಾಕಿಸಿ, ಇದು ನನ್ನ ಅಮ್ಮನದು ಎಂದು ಬಂದವರಿಗೆಲ್ಲ ತೋರಿಸುತ್ತೀಯಂತೆ. ಹೆತ್ತವಳ ಹೊಟ್ಟೆ ಉರಿಸುವುದನ್ನು ನಿನಗೆ ಯಾರು ಕಲಿಸಿದರೋ. ನಾನೇ ಇರಬೇಕು.

ಒಂದು ಹಗಲು ಒಂದು ರಾತ್ರಿ ವಿಮಾನದಲ್ಲಿ ಕೂತರೆ ನನ್ನ ಮಂಡಿ ಮತ್ತೆ ನೆಟ್ಟಗಾಗುವುದಿಲ್ಲ ಎಂದು ಬರೆದಿದ್ದೆನಲ್ಲ, ಆ ಲೆಕ್ಕ ಎಲ್ಲಿಂದ ಬಂತು ಹೇಳುತ್ತೇನೆ, ನಗಬೇಡ. ನನ್ನ ಹೊಲಿಗೆ ಅಂಗಡಿಯ ಪಕ್ಕ ವಿಮಾನದ ಟಿಕೆಟ್ ಮಾಡಿಕೊಡುವವನಿದ್ದಾನಲ್ಲ, ಅವನ ಗೋಡೆಯಲ್ಲಿ ಪ್ರಪಂಚದ ನಕ್ಷೆ ಇದೆ. ಅವನು ಊಟಕ್ಕೆ ಹೋಗಿದ್ದಾಗ ಕೊರಳಲ್ಲಿದ್ದ ಟೇಪು ತೆಗೆದು, ನಮ್ಮ ವಿಮಾನ ನಿಲ್ದಾಣದಿಂದ ನಿನ್ನೂರಿನದಕ್ಕೆ ನೆಟ್ಟಗೆ ಹಿಡಿದೆ. ಸಮುದ್ರ ಮುಗಿಯುವುದೇ ಇಲ್ಲ! ಸಾಲದ್ದಕ್ಕೆ, ಹುಟ್ಟುಗುಣ ಸುಟ್ಟರೂ ಹೋಗದು, ಹೊಲಿಗೆಗೆ ಇರಲಿ ಎಂದು ಎರಡೂ ತುದಿಗೆ ಒಂದೊಂದು ಇಂಚು ಸೇರಿಸಿಬಿಟ್ಟೆ. ಆ ಎರಡು ಇಂಚಿನಲ್ಲೇ ಎರಡು ಸಾವಿರ ಕಿಲೋಮೀಟರ್ ಜಾಸ್ತಿಯಾಗಿತ್ತಂತೆ.

ಮೊನ್ನೆ ಅವನು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದಾಗ ಇದನ್ನು ಹೇಳಿದೆ. ಬಿದ್ದು ಬಿದ್ದು ನಕ್ಕ. “ಅಕ್ಕಾ, ಭೂಮಿ ಏನು ಹಾಸಿಟ್ಟ ಬಟ್ಟೆನಾ? ನನ್ನ ಹೊಟ್ಟೆ ಥರ ದುಂಡಗಿದೆ” ಅಂದ. ವಿಮಾನ ಅಡ್ಡಕ್ಕೆ ಹೋಗುವುದಿಲ್ಲವಂತೆ, ಉತ್ತರಕ್ಕೆ ಹತ್ತಿ, ಹಿಮದ ಮೇಲೆ ಹಾದು ಇಳಿಯುತ್ತದಂತೆ. ನಂಬಿಕೆಯಾಗದೆ ಚೆಂಡೊಂದಕ್ಕೆ ಟೇಪು ಹಿಡಿದು ನೋಡಿದೆ. ನಿಜವೇ, ಮೇಲಿನಿಂದ ಹಾದರೇ ದಾರಿ ಗಿಡ್ಡ. ಅವನ ಲೆಕ್ಕದಲ್ಲಿ ಹನ್ನೊಂದು ಸಾವಿರ ಕಿಲೋಮೀಟರ್, ಹದಿಮೂರು ಗಂಟೆಯಂತೆ. ಇಲ್ಲಿ ಮಧ್ಯಾಹ್ನ ಹೊರಟರೆ ಅಲ್ಲಿ ಅದೇ ದಿನ ಮಧ್ಯಾಹ್ನವೇ ಇಳಿಯುವುದಂತೆ, ಗಡಿಯಾರ ಅಷ್ಟು ಹಿಂದಂತೆ. ಒಂದೇ ದಿನ ಎರಡು ಮಧ್ಯಾಹ್ನದ ಊಟ ಹೊಡೆಯಬಹುದು.

ಇನ್ನು ಮಂಡಿಯ ನೆಪ ನಡೆಯುವುದಿಲ್ಲ. ನಿಜ ಹೇಳಲೇ ಮಗಳೇ, ನನಗಿದ್ದದ್ದು ಹೆದರಿಕೆ. ವಿಮಾನದ್ದಲ್ಲ. ನೀನು ನಮ್ಮನ್ನು ಬಿಟ್ಟು ಪೂರ್ತಿ ಅಲ್ಲಿಯವಳಾಗಿರುವುದನ್ನು ಕಣ್ಣಾರೆ ನೋಡಬೇಕಲ್ಲ ಎಂದು. ಅಷ್ಟು ದೂರ ಎಂದು ಕೂತಿದ್ದರೆ ಅದನ್ನು ನೋಡುವುದು ತಪ್ಪುತ್ತಿತ್ತು. ಆದರೆ ಮದುವೆಯ ದಿನ ನೀನು ಬಾಗಿಲಲ್ಲಿ ನಿಂತು ನನ್ನನ್ನು ಹುಡುಕುವುದು, ನಾನು ಇಲ್ಲದಿರುವುದು, ಅದನ್ನು ನೆನೆದರೆ ಎರಡು ದಿನದಿಂದ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ.

ಬರುತ್ತೇನೆ ಕಣೇ. ನಿನ್ನ ಮದುಮಗ ಬಡಗಿಗೂ ಹೇಳು. ಮದುವೆಯ ಬಟ್ಟೆಯ ಕೊನೆಯ ಹೊಲಿಗೆ ಅಲ್ಲೇ ಹಾಕುತ್ತೇನೆ, ಅಲ್ಲಿಯವರೆಗೆ ದಪ್ಪ ಆಗಬೇಡ.

ನಿನ್ನ ಜಗಳಗಂಟಿ,
ಅಮ್ಮ

ಮರೆತಿದ್ದೆ: ಟಿಕೆಟ್ಟಿನ ಚಿಂತೆ ಬೇಡ. ನಾನು ಬರುವುದಿಲ್ಲ ಎಂದು ನಿನಗೆ ಬರೆದ ಮರುದಿನವೇ ನಿನ್ನಪ್ಪ ಸದ್ದಿಲ್ಲದೆ ಇಬ್ಬರಿಗೂ ಟಿಕೆಟ್ ಮಾಡಿಸಿದ್ದಾರೆ. ಅವಳಾಗಿಯೇ ಒಪ್ಪಲಿ, ಅಲ್ಲಿಯವರೆಗೆ ಹೇಳಬೇಡ ಎಂದು ಪಕ್ಕದ ಟಿಕೆಟ್ಟಿನವನಿಗೆ ತಾಕೀತು ಮಾಡಿದ್ದರಂತೆ, ಅವನು ನಗುವ ಭರದಲ್ಲಿ ಬಾಯಿಬಿಟ್ಟ. ನನಗೆ ಗೊತ್ತಾಗಿದೆ ಎಂದು ಅಪ್ಪನಿಗೆ ಹೇಳಬೇಡ. ದಿನಾ ಸಂಜೆ ಪಕ್ಕದಲ್ಲಿ ಕೂತು, ಹೋಗೋಣ ಕಣೇ ಎಂದು ಗೋಗರೆಯುತ್ತಾರೆ. ಇನ್ನೊಂದು ವಾರ ಕೇಳಿಸಿಕೊಂಡು ಆಮೇಲೆ ಹೂಂ ಅನ್ನುತ್ತೇನೆ.