ಹೊಳೆವ್ವ ಹೇಳಿದ ಕೊನೆ

ದಾಂಡೇಲಿ, ೧೯೬೪

ಸಕ್ಕುಬಾಯಿಯವರಿಗೆ ಶಿವವ್ವನ ಶರಣು.

ನೀವು ತೀರಿಹೋಗಿ ಎರಡು ವರ್ಷವಾಯಿತು. ಇದ್ದಾಗ ಬರೆಯಲಿಲ್ಲ, ಈಗ ಬರೆಯುತ್ತಿದ್ದೇನೆ. ಹನ್ನೆರಡು ವರ್ಷದವಳಿದ್ದಾಗ ತವರೂರು ಸಾಂಬ್ರಾಣಿಯಲ್ಲಿ ನಿಮ್ಮ ಕಾದಂಬರಿ ಓದಿದೆ. ಮನೆಗೆಲಸದ ಗಂಗಿಯ ಮೇಲೆ ಮನೆಯಾಕೆ ಇಲ್ಲದ ಕಳವು ಹೊರಿಸಿ ಹೊರಹಾಕಿದ್ದನ್ನು ಓದಿ ಊಟ ಬಿಟ್ಟು ಅತ್ತಿದ್ದೆ. ಬಡವರ ಮನಸ್ಸು ತಿಳಿಯಲು ಕಲಿಸಿದವರು ನೀವು ಎಂದು ಇಲ್ಲಿಯ ಮಹಿಳಾ ಮಂಡಳದಲ್ಲಿ ಭಾಷಣವನ್ನೂ ಮಾಡಿದ್ದೇನೆ.

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಾಂಡೆ ತಿಕ್ಕುವ ಹೊಳೆವ್ವ ಅದೇ ಪುಸ್ತಕವನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಪಾಟಿನ ಹತ್ತಿರ ನಿಂತಿದ್ದಳು. ಕಸಿದುಕೊಂಡೆ.

"ಓದಾಕ ಬರದಾಕಿಗೆ ಪುಸ್ತಕ ಯಾಕ? ರದ್ದಿಗೆ ಮಾರಾಕೇನು?" ಎಂದೆ. ಪಕ್ಕದ ಮನೆಯವರು ಬಾಗಿಲಿಗೆ ಬಂದು ನೋಡಿದರು.

"ಇಲ್ರಿ ಅಕ್ಕಾರ. ನಿನ್ನೆ ನೀವು ಹುಡುಕಾಕತ್ತಿದ್ರಿ, ಅದಕ್ಕ ತಿರುಗಿ ಇಡಾಕ ತಂದೆ. ಕೇಳದ ಒಯ್ದದ್ದು ತಪ್ಪಾತ್ರಿ. ಮಗಳು ದಿನಾ ಒಂದೀಟು ಓದಿ ಹೇಳ್ತಿದ್ಲು." ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದಳು, "ಇನ್ನೂ ಮುಗದಿಲ್ರಿ. ಗಂಗೀನ ಮತ್ತ ಯಾರರ ಮನಿಯೊಳಗ ಕೆಲಸಕ್ಕ ಕರಕೊಂಡ್ರೇನ್ರಿ?"

ನಾನು ಪುಸ್ತಕವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮರುದಿನದಿಂದ ಅವಳು ಕೆಲಸಕ್ಕೆ ಬಂದಿಲ್ಲ.

ನಿನ್ನೆ ಸಂಜೆ ಪುಸ್ತಕ ಹಿಡಿದುಕೊಂಡು ಅವಳಿರುವ ಚಾಳಿನ ಕೋಣೆಗೆ ಹೋದೆ. ಬಾಗಿಲು ಚಿಲಕ ಹಾಕದೆ ಮುಂದೆ ಮಾಡಿತ್ತು. ಒಳಗೆ ಹೊಳೆವ್ವ ಗಂಗಿಯ ಮುಂದಿನ ಕಥೆಯನ್ನು ಮಗಳಿಗೆ ತಾನೇ ಕಟ್ಟಿ ಹೇಳುತ್ತಿದ್ದಳು.

"ಆಮ್ಯಾಲ ಆ ಮನಿಯಾಕಿ ತಾನ ಹುಡುಕ್ಕೊಂಡು ಬಂದ್ಲು. ನಂದು ತಪ್ಪಾತವ್ವಾ ಅಂತ ಗಂಗೀ ಕೈ ಹಿಡದ್ಲು."

ನಿಮ್ಮ ಕಾದಂಬರಿಯಲ್ಲಿ ಆ ಮನೆಯಾಕೆ ಬರುವುದೇ ಇಲ್ಲ. ನಾನು ಬಾಗಿಲವರೆಗೆ ಬಂದಿದ್ದೆ. ಬಡಿಯದೆ, ಪುಸ್ತಕದೊಂದಿಗೇ ತಿರುಗಿ ಬಂದೆ.