ಗಂಟಲಿನ ಕವಾಯತು

ಮನೆಯಿಂದ,
ಮಾರ್ಚ್ ೯, ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮ? ಗಂಟಲು ಹೇಗಿದೆ? ಫೋನಿನಲ್ಲಿ ನಿನ್ನ ದನಿ ಒಡಕು ಮಡಕೆಯ ಹಾಗೆ ಕೇಳಿಸಿತೆಂದು ನಿನ್ನಮ್ಮ ಅವತ್ತಿನಿಂದ ಗೊಣಗುತ್ತಿದ್ದಾಳೆ. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸು. ನನ್ನ ಮಂಡಿ ಹಳೇ ಬಾಗಿಲಿನಂತೆ ಕಿರುಗುಟ್ಟುತ್ತದೆ, ಆದರೂ ದಿನಾ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುತ್ತೇನೆ. "ಯಾರಿಗ್ರೀ ಕವಾಯತು, ಕೋಳಿಗಳಿಗಾ?" ಎಂದು ಅವಳು ನಗುತ್ತಾಳೆ. ಕೋಳಿಗಳಾದರೂ ನನ್ನ ಮಾತು ಕೇಳುತ್ತವೆಯೇ, ಅದೂ ಇಲ್ಲ.

ಈಗ ಸುದ್ದಿಗೆ ಬರುತ್ತೇನೆ. ಕಳೆದ ವಾರ ನಿನ್ನ ಶಿಷ್ಯನೊಬ್ಬ ಮನೆಗೆ ಬಂದಿದ್ದ. ನೀನೀಗ ಇರುವ ದೇಶದ ಸೈನ್ಯದಲ್ಲಿ ಕ್ಯಾಪ್ಟನ್. ಇಲ್ಲಿಗೆ ತರಬೇತಿಗೆಂದು ಬಂದವನು, ಗುರುಗಳ ತಂದೆತಾಯಿಯನ್ನು ನೋಡದೆ ಹೋಗಬಾರದೆಂದು ವಿಳಾಸ ಹುಡುಕಿಕೊಂಡು ಬಂದ. ಆರಡಿ ಆಳು, ನಮ್ಮ ಬಾಗಿಲಿಗೆ ಹಣೆ ಬಡಿಸಿಕೊಂಡೇ ಒಳಗೆ ಕಾಲಿಟ್ಟ. ನಮ್ಮ ಭಾಷೆ ಅವನಿಗೆ ಅರೆಬರೆ ಬರುತ್ತದೆ. "ನಿಮ್ಮ ಮಗಳು ಪಾಠ ಹೇಳೋದಿಲ್ಲ ಸರ್, ಕವಾಯತು ಮಾಡಿಸ್ತಾರೆ" ಎಂದ. ಆರೇಳು ವರ್ಷ ಸಮವಸ್ತ್ರ ತೊಟ್ಟು, ಆಮೇಲೆ ಯುದ್ಧದಲ್ಲಿ ಯಾವುದು ಸರಿ ಯಾವುದು ತಪ್ಪು ಎಂದು ದಪ್ಪ ಪುಸ್ತಕ ಬರೆದವಳು ನೀನು, ಆ ಪುಸ್ತಕವನ್ನು ಪಕ್ಕಕ್ಕಿಟ್ಟು, ಮೀಸೆ ಹೊತ್ತ ಅಧಿಕಾರಿಗಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸುತ್ತೀಯಂತೆ. ಅನ್ಯಾಯದ ಆಜ್ಞೆ ಬಂದರೆ ಹೇಳಬೇಕಾದ "ಆಗೋದಿಲ್ಲ ಸರ್" ಎಂಬ ಮಾತನ್ನು ಗೋಡೆ ನಡುಗುವಂತೆ ಕೂಗಿಸುತ್ತೀಯಂತೆ. ಪಿಸುಗುಟ್ಟಿದವನು ಮತ್ತೆ ಸಾಲಿನ ಕೊನೆಗೆ ಹೋಗಬೇಕಂತೆ. "ತಲೆ ಹೆದರೋ ಮೊದಲೇ ಗಂಟಲು ಹೇಳಿಬಿಡಬೇಕು" ಎನ್ನುತ್ತೀಯಂತೆ.

ಕಳ್ಳಿ, ಅದು ನನ್ನ ಮಾತು! "ತಲೆ ಯೋಚಿಸೋ ಮೊದಲೇ ಕಾಲು ತಿರುಗಬೇಕು" ಎಂದು ನಾನು ಸಿಪಾಯಿಗಳಿಗೆ ಅರಚುತ್ತಿದ್ದಾಗ ಮೈದಾನದ ಅಂಚಿನ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿರುತ್ತಿದ್ದವಳು ನೀನೇ ತಾನೇ? "ಅಪ್ಪ ಬಿಗಿ ಮಾಡಿದ್ದನ್ನೆಲ್ಲ ಮಗಳು ಸಡಿಲ ಮಾಡ್ತಿದಾಳೆ ನೋಡಿ" ಎಂದು ನಿನ್ನಮ್ಮ ಕಿಚಾಯಿಸಿದಳು. ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಉಳಿದದ್ದೇ ಹೆಚ್ಚು.

ತನ್ನ ದೇಶದಲ್ಲಿ ನದಿಯ ಕಾವಲಿಗಿದ್ದಾಗ ನಡೆದದ್ದನ್ನೂ ಕ್ಯಾಪ್ಟನ್ ಹೇಳಿದ. ಕೂಗಿದರೂ ನಿಲ್ಲದ ದೋಣಿಗೆ ಗುಂಡು ಹಾರಿಸು ಎಂದು ಮೇಲಧಿಕಾರಿ ಹೇಳಿದಾಗ, ಅವನು ಯೋಚಿಸುವಷ್ಟರಲ್ಲೇ ಗಂಟಲು "ಆಗೋದಿಲ್ಲ ಸರ್" ಎಂದುಬಿಟ್ಟಿತ್ತಂತೆ. ದೋಣಿ ದಡ ಮುಟ್ಟಿತು. ಒಳಗೆ ಜ್ವರದಿಂದ ನರಳುವ ಮುದುಕ, ಹುಟ್ಟು ಹಾಕುತ್ತಿದ್ದ ಅವನ ಹೆಂಡತಿ. ಅವಳಿಗೆ ಕಿವಿ ಕೇಳುವುದಿಲ್ಲ. ಅದನ್ನು ಹೇಳುವಾಗ ಆರಡಿ ಆಳಿನ ಕಣ್ಣು ತುಂಬಿತ್ತು.

ನೀನು ನಮ್ಮಿಂದ ಮುಚ್ಚಿಟ್ಟದ್ದನ್ನೂ ಅವನು ಬಾಯಿಬಿಟ್ಟ. ಅವನ ಮೇಲೆ ಸಿಟ್ಟಾಗಬೇಡ. ಅಲ್ಲಿಯ ಇನ್ನೊಂದು ಪಡೆಗೆ ನಮ್ಮ ಸರಕಾರ ಬಂದೂಕು ಕೊಡಬೇಕಾದರೆ, ಸರಕಾರವೇ ಅಲ್ಲಿಗೆ ಕಳಿಸಿದ ಸಲಹೆಗಾರ್ತಿಯಾದ ನಿನ್ನ ಸಹಿ ಬೇಕಂತೆ. ಆ ಪಡೆಯಲ್ಲಿ ಸೆರೆಯಾಳುಗಳನ್ನು ಹೊಡೆದು ಕೊಂದವರ ವಿಚಾರಣೆ ಆಗುವ ತನಕ ಒಂದು ಬಂದೂಕೂ ಕೊಡಬಾರದೆಂದು ನೀನು ಬರೆದಿದ್ದೀಯಂತೆ. ಆ ಸಾಲು ತೆಗೆದು ಸಹಿ ಹಾಕದಿದ್ದರೆ ನಿನ್ನನ್ನು ವಾಪಸು ಕರೆಸಿ, ಇಷ್ಟು ವರ್ಷ ಕಟ್ಟಿದ ತರಗತಿಯನ್ನು ಬೇರೆಯವರಿಗೆ ಕೊಡುತ್ತಾರಂತೆ. ನಮಗೆ ಮಾತ್ರ ಬರೀ ಗಂಟಲುನೋವು ಎಂದೆ! ಹೀಗೆ ಮಾಡು ಎಂದು ಹೇಳುವಷ್ಟು ಓದಿದವನಲ್ಲ ನಾನು. ವಾಪಸು ಬರುವುದಾದರೆ ನಿನ್ನ ಕೋಣೆಯ ಕಿಟಕಿ ತೆರೆದೇ ಇದೆ, ಹಾಸಿಗೆ ಬಿಸಿಲಿಗೆ ಹಾಕಿದ್ದೇವೆ. ಅಷ್ಟೇ.

ಹೋದಲ್ಲೆಲ್ಲ ನಿನ್ನ ದನಿ ಗಟ್ಟಿಯಾಗಿರಲಿ, ಹೊತ್ತಿಗೆ ಸರಿಯಾಗಿ ಊಟ ಸಿಗಲಿ. ಇಬ್ಬರ ಆಶೀರ್ವಾದವೂ ನಿನ್ನ ಮೇಲಿದೆ.

ಇಂತಿ ನಿನ್ನ ಅಪ್ಪ,
ಕವಾಯತು ಮಾಸ್ತರ

ಮರೆತಿದ್ದೆ: ನಿನ್ನೆ ನಿಮ್ಮ ಕಚೇರಿಯ ದೊಡ್ಡ ಸಾಹೇಬರು ಕಾರಿನಲ್ಲಿ ಬಂದಿದ್ದರು. ನಮ್ಮ ಹಳೇ ಕರ್ನಲ್ ಅವರೇ. "ಮಾಸ್ತರೇ, ಮಗಳಿಗೆ ಒಂದು ಮಾತು ಬರೀರಿ, ಸಹಿ ಹಾಕ್ಲಿ" ಎಂದರು. ನನ್ನ ಹಿಮ್ಮಡಿ ತಾನಾಗಿ ಜೋಡಿಯಾಯಿತು, ಕೈ ಸೆಲ್ಯೂಟಿಗೆ ಎದ್ದಿತು. ಆದರೆ ಗಂಟಲು "ಆಗೋದಿಲ್ಲ ಸರ್" ಎಂದಿತು. ಇಡೀ ನೌಕರಿಯಲ್ಲಿ ಹೇಳದ ಮಾತು! ಕ್ಯಾಪ್ಟನ್ ಹೋದ ಮರುದಿನದಿಂದ ಅಂಗಳದಲ್ಲಿ ಅದನ್ನೇ ಅಭ್ಯಾಸ ಮಾಡುತ್ತಿದ್ದೆ. ನಿನ್ನೆಯ ಕೂಗಿಗೆ ಕೋಳಿಗಳೆಲ್ಲ ಬೇಲಿ ಹಾರಿ ಓಡಿದವು ಪುಟ್ಟೀ. ನೀನಿದ್ದಿದ್ದರೆ ನನ್ನನ್ನು ಸಾಲಿನ ಕೊನೆಗೆ ಕಳಿಸುತ್ತಿರಲಿಲ್ಲ.