ಅತ್ತೆ ಒಳಗೆ ಬರಲಿಲ್ಲ

ಮಳವಳ್ಳಿ ತಾಲ್ಲೂಕು, ಭಾನುವಾರ

ಅವ್ವಾ,

ದೆಹಲಿಯಿಂದ ಸಾಮಾನೆಲ್ಲ ಬಂತು. ನಮ್ಮಜ್ಜಿ ಅಂಗಳ ಗುಡಿಸಿ, ಅಲ್ಲೇ ಅನ್ನ ಹಾಕಿಸಿಕೊಳ್ಳುತ್ತಿದ್ದ ಪಟೇಲರ ಹಳೇ ತೊಟ್ಟಿಮನೆಯಲ್ಲಿ ಈಗ ನಾನಿದ್ದೇನೆ. ನಿನ್ನೆ ಚಿಕ್ಕಮಾದಮ್ಮತ್ತೆಯನ್ನು ಊಟಕ್ಕೆ ಕರೆದೆ. ಹೊಸ ಸೀರೆ ಉಟ್ಟು ಬಂದವರು ಹೊಸ್ತಿಲ ಹೊರಗೇ ನಿಂತುಬಿಟ್ಟರು.

“ಇದು ಈಗ ನಮ್ಮ ಮನೆ ಅತ್ತೆ, ಕ್ರಯಪತ್ರ ನನ್ನ ಹೆಸರಲ್ಲಿದೆ” ಎಂದು ಕೈ ಹಿಡಿದೆ.

“ಗೊತ್ತು ಕಣವ್ವ. ಆದ್ರೂ ಕಾಲು ಬರಾಕಿಲ್ಲ ಅಂತಾವೆ, ಬುಡು” ಎಂದು ಅಂಗಳದಲ್ಲೇ ಕುಳಿತರು. ನಾನೂ ತಟ್ಟೆ ತಂದು ಪಕ್ಕದಲ್ಲಿ ಕುಳಿತೆ. ಉಂಡಾದ ಮೇಲೆ ಅವರು ತಮ್ಮ ತಟ್ಟೆ ತಾವೇ ತೊಳೆದು, ಹೊರಗೋಡೆಯ ಮೂಲೆಯಲ್ಲಿ ಬೋರಲು ಹಾಕಿ ಹೋದರು.

ನನ್ನ ಜ್ವರ ಬಿಟ್ಟಿದೆ, ಕೆಮ್ಮು ಇನ್ನೂ ಇದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನೀನು ಬಂದಾಗ ಒಳಗೆ ಬರುತ್ತೀಯ ತಾನೆ?

ಸುಜಾತ